ಎಲ್ಲಿ ಹಾಕೀರಿ?

ದ್ವಿತೀಯ ಪಿಯುಸಿ ಫಲಿತಾಂಶ ಬಂದ ಮರುದಿನ ಫ್ಲೆಕ್ಸ್ ಅಂಗಡಿಯವರಿಗೆ ಊಟಕ್ಕೂ ಪುರುಸೊತ್ತಿರುವುದಿಲ್ಲ. ಬಳ್ಳಾರಿಯ ರಾಯಲ್ ಸರ್ಕಲ್ಲು, ಕೊಪ್ಪಳದ ಅಶೋಕ ಸರ್ಕಲ್ಲು, ರಾಯಚೂರಿನ ತೀನ್ ಕಂದೀಲು, ಎಲ್ಲಿ ಕತ್ತೆತ್ತಿದರೂ ಟಾಪರ್‌ಗಳು. ಮೂಲೆಯಲ್ಲಿ ಶಾಸಕರ ನಗುಮುಖ, ನಡುವೆ ದಪ್ಪಕ್ಷರದಲ್ಲಿ 'ಜಿಲ್ಲೆಯ ಹೆಮ್ಮೆ'. ಸೀಟು ಹಂಚಿಕೆ ಮುಗಿಯುವ ಹೊತ್ತಿಗೆ ಜಿಲ್ಲೆಯ ಹೆಮ್ಮೆ ಒಂದು ಟ್ರಂಕು, ಒಂದು ಹಾಸಿಗೆ, ಎರಡು ಡಬ್ಬಿ ಶೇಂಗಾ ಚಟ್ನಿ ಸಮೇತ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಜಿಲ್ಲೆ ಬಿಟ್ಟಿರುತ್ತದೆ. ಫ್ಲೆಕ್ಸ್ ಮಾತ್ರ ಇಲ್ಲೇ ಉಳಿದು ಸುಗ್ಗಿಯಲ್ಲಿ ಭತ್ತದ ರಾಶಿಗೆ ಹೊದಿಕೆಯಾಗುತ್ತದೆ.

ಮದುವೆ ಪಂಕ್ತಿಯಲ್ಲಿ "ಎಷ್ಟಾತ್ರೀ ಪರ್ಸೆಂಟೇಜು?" ಎಂಬುದು ಬರೀ ಪೀಠಿಕೆ. ಅಸಲಿ ಪ್ರಶ್ನೆ ಅದರ ಬೆನ್ನಿಗೇ ಬರುತ್ತದೆ: "ಎಲ್ಲಿ ಹಾಕೀರಿ?" ಬೆಂಗಳೂರು ಎಂದರೆ ಇನ್ನೊಂದು ಹೋಳಿಗೆ ಬೀಳುತ್ತದೆ. ರಾಯಚೂರು ಕಡೆಯಾದರೆ ಹೈದರಾಬಾದಿಗೂ ಅದೇ ಮರ್ಯಾದೆ. ಹುಬ್ಬಳ್ಳಿ, ದಾವಣಗೆರೆ ನಡೆಯುತ್ತದೆ. "ಇಲ್ಲೇ ಲೋಕಲ್‌ನಾಗ ಹಾಕೀವ್ರಿ" ಎಂದಿರೋ, ಎದುರಿನವರ ದನಿ ಸಾಂತ್ವನಕ್ಕೆ ಇಳಿಯುತ್ತದೆ. "ಇರ್ಲಿ ಬಿಡ್ರಿ, ಹೆಣ್ಮಗಳಲ್ಲೇನು."

ಈ ಪಂಕ್ತಿಯಲ್ಲಿ ಸಂವಿಧಾನಕ್ಕೂ ಒಂದು ಎಲೆ ಹಾಕಬೇಕು. 2012ರ 98ನೇ ತಿದ್ದುಪಡಿಯಿಂದ ಹೈದರಾಬಾದ್-ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ 371(ಜೆ) ವಿಧಿ ಬಂತು. 2013ರ ಆದೇಶದಂತೆ ನಮ್ಮ ಭಾಗದ ಕಾಲೇಜುಗಳಲ್ಲಿ 100ಕ್ಕೆ 70 ಸೀಟು ನಮ್ಮ ಮಕ್ಕಳಿಗೆ, ರಾಜ್ಯದ ಉಳಿದ ಕಡೆ 100ಕ್ಕೆ 8. ದಶಕಗಳ ಹೋರಾಟ, ಉಪವಾಸ, ಬಂದ್, ಎಲ್ಲದರ ಫಲ ಇದು. ಫಲ ಕೈಗೆ ಬಂದಮೇಲೆ ಏಳು ಜಿಲ್ಲೆಗಳ ಜಾಣ ಮಕ್ಕಳೆಲ್ಲ ಸೇರಿ ಮುಗಿಬಿದ್ದದ್ದು ಯಾವುದಕ್ಕೆ? ಆ 8ಕ್ಕೆ. ಮನೆ ಬಾಗಿಲ 70 ಯಾರಿಗೂ ಬೇಡ. 8ರಲ್ಲಿ ಸಿಗಲಿಲ್ಲ ಎಂದವರು ಮಾತ್ರ ಮೋರೆ ಸಣ್ಣದು ಮಾಡಿಕೊಂಡು ಅದರತ್ತ ತಿರುಗುತ್ತಾರೆ. ಈ ಭಾಗಕ್ಕೆ ಕಲ್ಯಾಣ ಕರ್ನಾಟಕ ಎಂದು 2019ರಲ್ಲಿ ಹೆಸರಿಟ್ಟವರ ದೂರದೃಷ್ಟಿ ದೊಡ್ಡದು. ಕಲ್ಯಾಣ ಹೆಸರಿನಲ್ಲಿ ಇರುವಾಗ ಕಾಲೇಜಿನಲ್ಲಿಯೂ ಇರಬೇಕೆಂದು ಹಟ ಹಿಡಿಯುವುದು ಸಣ್ಣತನ.

8ರ ಈ ಯುದ್ಧ ನಡೆಯುವುದು ತಹಶೀಲ್ ಕಚೇರಿ ಎದುರಿನ ಕಂಪ್ಯೂಟರ್ ಅಂಗಡಿಯಲ್ಲಿ. ಸೋಲು ಅರ್ಜಿ ತುಂಬುವ ದಿನವೇ ನಿಗದಿಯಾಗುತ್ತದೆ. ಸಿಇಟಿ ಅರ್ಜಿಯಲ್ಲಿ ಹೈದರಾಬಾದ್-ಕರ್ನಾಟಕ ಮೀಸಲಾತಿ ಕೇಳುವ ಕಾಲಂ ಒಂದಿದೆ. ಅದಕ್ಕೆ ಸಹಾಯಕ ಆಯುಕ್ತರ ಕಚೇರಿಯ ಪ್ರಮಾಣಪತ್ರ ಬೇಕು. ಗಂಗಾವತಿಯವರು ಅದಕ್ಕಾಗಿ ಕೊಪ್ಪಳಕ್ಕೆ ಹೋಗಬೇಕು, ಅಲ್ಲಿ ಎಸಿ ಸಾಹೇಬರು ಪ್ರವಾಸದಲ್ಲಿರಬೇಕು, ಇದು ಪದ್ಧತಿ. ಪ್ರಮಾಣಪತ್ರ ಇನ್ನೂ ಬಂದಿಲ್ಲ ಎಂದು ಕಾಲಂ ಖಾಲಿ ಬಿಟ್ಟವನು, ತಿದ್ದುಪಡಿಗೆ ಕೊಟ್ಟ ನಾಲ್ಕು ದಿನವನ್ನೂ ಕಳೆದುಕೊಂಡರೆ, ಮಾನ್ವಿಯಲ್ಲಿ ಹುಟ್ಟಿ ಬೆಳೆದರೂ ಪರೀಕ್ಷಾ ಪ್ರಾಧಿಕಾರದ ಲೆಕ್ಕದಲ್ಲಿ ಮಂಡ್ಯದವನೇ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ 'ಬಸವರಾಜ', ಜಾತಿ ಪ್ರಮಾಣಪತ್ರದಲ್ಲಿ 'ಬಸವರಾಜ್ ಎಚ್' ಇದ್ದರೆ ಆ ಪ್ರಮಾಣಪತ್ರದ ಆರ್‌ಡಿ ನಂಬರ್ ತಾಳೆಯಾಗುವುದಿಲ್ಲ. ಗ್ರಾಮೀಣ ಕೋಟಾಕ್ಕೆ 1ರಿಂದ 10ನೇ ತರಗತಿಯ ವ್ಯಾಸಂಗ ಪ್ರಮಾಣಪತ್ರ, ಅದಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಮೇಲುರುಜು. ಎಲ್ಲಕ್ಕಿಂತ ದೊಡ್ಡ ಎಡವಟ್ಟು ಮೊಬೈಲ್ ನಂಬರಿನದು. "ನಂದೇ ಹಾಕ್ತೀನಿ ತಮ್ಮಾ" ಎಂದು ಅಂಗಡಿಯವನು ತನ್ನ ನಂಬರು ಕೊಟ್ಟಿರುತ್ತಾನೆ. ಮುಂದೆ ಓಟಿಪಿ ಬರುವ ರಾತ್ರಿ ಅವನು ಹುಲಿಗೆಮ್ಮನ ಹುಣ್ಣಿಮೆಗೆ ಹೋಗಿರುತ್ತಾನೆ.

ಆಪ್ಷನ್ ಎಂಟ್ರಿಯ ನಿಯಮ ಸರಳ. ಬೇಕಾದ ಕಾಲೇಜು-ಕೋರ್ಸನ್ನು ನಿಜವಾಗಿ ಬೇಕಾದ ಕ್ರಮದಲ್ಲಿ ತುಂಬಬೇಕು. ಯಂತ್ರ ಮೇಲಿನಿಂದ ನೋಡುತ್ತ ಬಂದು ರ‍್ಯಾಂಕಿಗೆ ಎಟುಕುವ ಮೊದಲನೆಯದನ್ನು ಕೊಟ್ಟು ನಿಲ್ಲುತ್ತದೆ. ಅದರ ಕೆಳಗಿನದು ಆಮೇಲೆ ಬೇಕೆಂದರೂ ಇಲ್ಲ. ಇಷ್ಟು ಸರಳವಾದದ್ದು ನಮಗೆ ಒಗ್ಗುವುದಿಲ್ಲ. ಅಂಗಡಿಯವನ ಬಳಿ ಹೋದ ವರ್ಷದ ಯಾರದೋ ಪಟ್ಟಿ ಇರುತ್ತದೆ, 150 ಆಪ್ಷನ್ನು, ಅದೇ ಎಲ್ಲರಿಗೂ ಪ್ರಸಾದ. 60,000 ರ‍್ಯಾಂಕಿನವನೂ 600 ರ‍್ಯಾಂಕಿನವಳೂ ಒಂದೇ ಪಟ್ಟಿ ಹಿಡಿದು ಮನೆಗೆ ಹೋಗುತ್ತಾರೆ. ಅಸಲಿಗೆ ಮೊದಲಿನ ಅಣಕು (ಮಾಕ್) ಹಂಚಿಕೆಯಲ್ಲಿ ಬೆಂಗಳೂರು ಕಂಡರೆ ಓಣಿಗೆಲ್ಲ ಪೇಢೆ. ಅಣಕು ಎಂದು ಪ್ರಾಧಿಕಾರವೇ ಹೆಸರಿಟ್ಟಿದ್ದರೂ ಪೇಢೆ ನಿಲ್ಲುವುದಿಲ್ಲ.

ಅಸಲಿ ಹಂಚಿಕೆಯಲ್ಲಿ ಬಳ್ಳಾರಿಯದೇ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಬರುತ್ತದೆ. ಆಗ ನಾಲ್ಕು ಆಯ್ಕೆ. 1 ಒತ್ತಿದರೆ ಸೀಟು ಒಪ್ಪಿ, ಶುಲ್ಕ ಕಟ್ಟಿ, ಸೇರಬೇಕು. 2 ಎಂದರೆ ಇದು ಕೈಯಲ್ಲಿರಲಿ, ಮೇಲಿನದು ಬಂದರೆ ಅದು; ಬಂತೆಂದರೆ ಇದು ತಾನಾಗಿಯೇ ಹೋಗುತ್ತದೆ. 3 ಎಂದರೆ ಇದು ಬೇಡ, ಮುಂದಿನ ಸುತ್ತು ನೋಡುವೆ. 4 ಎಂದರೆ ಪ್ರಾಧಿಕಾರಕ್ಕೆ ನಮಸ್ಕಾರ. ಇಲ್ಲಿಗೆ ಸರಿಯಾಗಿ ಸೋದರಮಾವನ ಪ್ರವೇಶ. "ಲೋಕಲ್‌ನಾಗ ಏನೈತೋ? ಮೂರು ಒತ್ತು, ಬೆಂಗ್ಳೂರು ಬಂದೇ ಬರ್ತದ." ಹುಡುಗ ಮೂರು ಒತ್ತುತ್ತಾನೆ. ಬೆಂಗಳೂರು ಬರುವುದಿಲ್ಲ, ಬಳ್ಳಾರಿ ಹೋಗಿರುತ್ತದೆ. ಕಡೆಗೆ ಹಳ್ಳಿಯ ಎರಡೆಕರೆ ಮೇಲೆ ಸಾಲ ಎತ್ತಿ ಮ್ಯಾನೇಜ್‌ಮೆಂಟ್ ಕೋಟಾ.

ಹುಡುಗರನ್ನು ಯಾಕೆ ದೂರಬೇಕು? ನಮ್ಮಲ್ಲಿ ಸಂಸ್ಥೆಗಳೇ ಹೊರಗೆ ಓದಿ ಬರುತ್ತವೆ. ರಾಯಚೂರಿಗೆ ಐಐಟಿ ಬೇಕೆಂದು ಪ್ರಾದೇಶಿಕ ಅಸಮತೋಲನ ಅಳೆದ ನಂಜುಂಡಪ್ಪ ಸಮಿತಿ 2002ರಲ್ಲೇ ಬರೆದಿತ್ತು. ಐಐಟಿ 2016ರಲ್ಲಿ ಬಂತು, ಧಾರವಾಡಕ್ಕೆ. ಸಮಾಧಾನಕ್ಕೆಂದು 2019ರಲ್ಲಿ ರಾಯಚೂರಿಗೆ ಐಐಐಟಿ, ಅಂದರೆ ಮಾಹಿತಿ ತಂತ್ರಜ್ಞಾನ ಸಂಸ್ಥೆ, ಕೊಟ್ಟರು. 'ಟಿ' ಒಂದೇ, 'ಐ' ಒಂದು ಹೆಚ್ಚೇ ಇದೆಯಲ್ಲ ಎಂದು ಖುಷಿಪಟ್ಟವರೂ ಇದ್ದರು. ರಾಯಚೂರಿನ ಆ ಐಐಐಟಿ ಮೊದಲ ತರಗತಿ ಶುರು ಮಾಡಿದ್ದು ಐಐಟಿ ಹೈದರಾಬಾದ್ ಆವರಣದಲ್ಲಿ! ಜಿಲ್ಲೆಯ ಸಂಪ್ರದಾಯವನ್ನು ಕೇಂದ್ರ ಸರ್ಕಾರ ಇಷ್ಟು ಗೌರವಿಸಿದ್ದು ಅಪರೂಪ. ಮುಂದೆ ಊರಿಗೆ ಬಂದಾಗ ಇಳಿದದ್ದು ಯರಮರಸ್‌ನ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಲ್ಲಿ. ಸೀಟು ಜೆಇಇ ಮೇನ್ ರ‍್ಯಾಂಕಿನ ಮೇಲೆ, ದೇಶಕ್ಕೆಲ್ಲ ಒಂದೇ ಪಟ್ಟಿ. ಅಲ್ಲಿ 371(ಜೆ) ನಡೆಯುವುದಿಲ್ಲ. ಊರವರಿಗೆ ಸಿಕ್ಕಿದ್ದು ಬಸ್ ಸ್ಟಾಪಿಗೆ ಒಂದು ಹೆಸರು.

ಕೊಪ್ಪಳದ ಭಾಗ್ಯ ಇನ್ನೂ ದೊಡ್ಡದು. 1980ರವರೆಗೆ ಕೊಪ್ಪಳದವರ ಪದವಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ್ದು. ಆಮೇಲೆ ಗುಲ್ಬರ್ಗಾ. 2010ರಿಂದ ಬಳ್ಳಾರಿಯ ಶ್ರೀಕೃಷ್ಣದೇವರಾಯ. ಈಚೆಗೆ ಕುಕನೂರು ತಾಲ್ಲೂಕಿನ ತಳಕಲ್ಲಿನಲ್ಲಿ ಕೊಪ್ಪಳದ್ದೇ ಸ್ವಂತದ್ದು. ಅಜ್ಜ, ಅಪ್ಪ, ಅಣ್ಣ, ತಮ್ಮ ಒಂದೇ ಕಾಲೇಜಿನ ಅದೇ ಬೆಂಚಿನಲ್ಲಿ ಕೂತು ನಾಲ್ಕು ವಿಶ್ವವಿದ್ಯಾಲಯಗಳ ಪದವೀಧರರಾಗಬಹುದು. ಬೆಂಚು ಮಾತ್ರ ಅದೇ. ತಮ್ಮನ ಘಟಿಕೋತ್ಸವದ ಮಾತು ಇನ್ನೂ ಇರುವಾಗಲೇ, 2025ರ ಫೆಬ್ರವರಿಯಲ್ಲಿ, ಸಂಪುಟ ಉಪಸಮಿತಿ ಒಂಬತ್ತು ವಿವಿಗಳನ್ನು ನಡೆಸುವುದು ಕಷ್ಟ ಎಂದು ತೀರ್ಮಾನಿಸಿತು. ಪಟ್ಟಿಯಲ್ಲಿ ಕೊಪ್ಪಳವೂ ಇತ್ತು. ಅಂದಿನಿಂದ ಉಳಿಸಿ ಎಂಬ ಮನವಿಪತ್ರಗಳು, ಫೋಟೋಗಳು. ಮನವಿ ಕೊಡುವವರ, ಇಸಿದುಕೊಳ್ಳುವವರ, ಫೋಟೋದಲ್ಲಿ ಹಿಂದೆ ನಿಂತವರ ಮಕ್ಕಳು ಎಲ್ಲಿ ಓದುತ್ತಿದ್ದಾರೆಂದು ಒಂದು ಸಮಿತಿ ಮಾಡಿದರೆ ವರದಿ ಒಂದೇ ಪುಟದಲ್ಲಿ ಮುಗಿಯುತ್ತದೆ.

ಹೋಗುವವರು ಹೋಗಲಿ, ಹೇಗೋ ದಡ ಸೇರುತ್ತಾರೆ. ಇಲ್ಲಿ ಉಳಿಯುವವಳಿಗೆ ಆಯ್ಕೆ 1, 2, 3 ಯಾವುದೂ ಇಲ್ಲ. ಕುಷ್ಟಗಿಯದೋ ದೇವದುರ್ಗದ್ದೋ ಹಳ್ಳಿಯಿಂದ ಬೆಳಗ್ಗೆ ಏಳರ ಬಸ್ಸಿಗೆ ಬಂದು, ಕೆಂಪು ಬಸ್ಸಿನ ಬಾಗಿಲಲ್ಲಿ ನಿಂತು ಡಿಗ್ರಿ ಕಾಲೇಜಿಗೆ ಹೋಗುವವಳು ಅವಳು. ಟಿಕೆಟ್ ಶೂನ್ಯ, ಶಕ್ತಿ ಯೋಜನೆಯ ಪುಣ್ಯ. ಅವಳು ಬಂದಾಗ ತರಗತಿಯಲ್ಲಿ ಪಾಠ ಹೇಳುವವರು ಇರುವುದಿಲ್ಲ. ಅತಿಥಿ ಉಪನ್ಯಾಸಕರ ನೇಮಕದ ಆದೇಶ ಸೆಮಿಸ್ಟರ್ ಶುರುವಾಗಿ ಎಷ್ಟೋ ವಾರಕ್ಕೆ ಬರುತ್ತದೆ, ಸೆಮಿಸ್ಟರ್ ಮುಗಿದ ಕೂಡಲೇ ಅವರೂ ಮನೆಗೆ. ಸೇವಾ ಭದ್ರತೆ ಕೇಳಿ ಅವರು ಬೀದಿಯಲ್ಲಿ ಕೂತರೆ ಕಾಲೇಜೇ ನಿಲ್ಲುತ್ತದೆ, ಯಾಕೆಂದರೆ ಕಾಲೇಜು ಅವರೇ. ರಸಾಯನಶಾಸ್ತ್ರದ ಪ್ರಾಕ್ಟಿಕಲ್‌ಗೆ ಬ್ಯುರೆಟ್ ಒಂದು, ಸುತ್ತ ಮೂವತ್ತು ಮಕ್ಕಳು. ಅದನ್ನು 'ಡೆಮೊ' ಎನ್ನುತ್ತಾರೆ. 2021ರಲ್ಲಿ ನಾಲ್ಕು ವರ್ಷದ ಡಿಗ್ರಿ ಎಂದರು, 2024ರಲ್ಲಿ ಮತ್ತೆ ಮೂರು ಎಂದರು. ವಿವಿಗಳ ಆನ್‌ಲೈನ್ ವ್ಯವಸ್ಥೆಯಾದ ಯುಯುಸಿಎಂಎಸ್‌ನಲ್ಲಿ ಫಲಿತಾಂಶ ತಡವಾದರೆ ವಿದ್ಯಾರ್ಥಿವೇತನದ ಅರ್ಜಿಯೂ ತಡ. ನಮ್ಮವರು 70 ಸೀಟು ಕೇಳಿ ಪಡೆದರು. ಆ ಸೀಟಿನ ಮುಂದೆ ಒಬ್ಬ ಕಾಯಂ ಮೇಷ್ಟ್ರನ್ನು ಕೇಳಲು ಯಾರಿಗೂ ಹೊಳೆಯಲಿಲ್ಲ, ಇಲ್ಲ, ಹೊಳೆದಿತ್ತು; ಕೇಳುವವರ ಮಕ್ಕಳು ಇಲ್ಲಿರಲಿಲ್ಲ, ಅಷ್ಟೇ. ಇದರಲ್ಲಿ ನಗುವಂಥದ್ದು ಏನೂ ಇಲ್ಲ.

ಈ ಸಲವೂ 'ಇಲ್ಲೇ' ಹಾಕುವವರು ಫಾರ್ಮಿಗೆ ದುಡ್ಡು ಕೊಡುವ ಮುನ್ನ ಒಂದು ಸಲ ಕಾಲೇಜಿಗೆ ಹೋಗಿ. ಕಟ್ಟಡ, ಗೇಟು, ಸ್ವಾಗತ ಕಮಾನು ನೋಡಬೇಡಿ. ನೋಟಿಸ್ ಬೋರ್ಡಿನ ವೇಳಾಪಟ್ಟಿ ನೋಡಿ, ಹೆಸರಿನ ಬದಲು 'ಅತಿಥಿ' ಎಂದು ಎಷ್ಟು ಕಡೆ ಇದೆ ಎಣಿಸಿ. ಲ್ಯಾಬ್ ಬೀಗ ತೆಗೆಸಿ. ಕೀಲಿ ಯಾರ ಹತ್ತಿರ ಇದೆ ಎಂದು ಹುಡುಕಲು ಹಿಡಿಯುವ ಹೊತ್ತೇ ಒಂದು ಉತ್ತರ. ಹಾಸ್ಟೆಲ್ ಅರ್ಜಿಯ ಕೊನೆಯ ದಿನ ಪ್ರವೇಶದ ಕೊನೆಯ ದಿನಕ್ಕಿಂತ ಮೊದಲೇ ಮುಗಿದಿರಬಹುದು, ಅದನ್ನೂ ವಿಚಾರಿಸಿ. ಉಳಿದದ್ದನ್ನು ಪ್ರಿನ್ಸಿಪಾಲರನ್ನೇ ಕೇಳಬಹುದು, ಅವರು ಸಿಕ್ಕರೆ. ಅವರು ಪ್ರಭಾರಿ ಇರುತ್ತಾರೆ, ಇನ್ನೊಂದು ಕಾಲೇಜಿನ ಚಾರ್ಜೂ ಅವರದೇ, ಇವತ್ತು ಆ ಕಡೆ ಹೋಗಿರುತ್ತಾರೆ.