ಕೊನೊಪಾಟ್ಸ್ಕಾ: ಮೊದಲು ಎಸೆತದ ಮಾತಾಡೋಣ

ಪೋಲೆಂಡಿನ ಡಿಸ್ಕಸ್ ಎಸೆತಗಾರ್ತಿ ಹಲೀನಾ ಕೊನೊಪಾಟ್ಸ್ಕಾ ಅವರ ಬಗ್ಗೆ ಬರೆಯುವವರಲ್ಲಿ ಹೆಚ್ಚಿನವರು ಆಕೆಯ ಚೆಲುವು, ತಲೆಯ ಮೇಲಿನ ಕೆಂಪು ಟೋಪಿ, ಸರ್ಕಾರದಲ್ಲಿ ಹಣಕಾಸು ಖಾತೆ ನೋಡಿಕೊಂಡಿದ್ದ ಗಂಡ ಇಷ್ಟನ್ನೂ ವಿಸ್ತಾರವಾಗಿ ಹೇಳಿ, ಉಳಿದ ಜಾಗದಲ್ಲಿ ಡಿಸ್ಕಸ್ ಎಸೆತವನ್ನು ತುರುಕುತ್ತಾರೆ. ಈ ಕ್ರಮವೇ ತಲೆಕೆಳಗು ಎನ್ನುವುದು ನನ್ನ ತಕರಾರು.

1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಅಥ್ಲೆಟಿಕ್ಸ್ ಕಣಕ್ಕಿಳಿದ ಮಹಿಳೆಯರ ಪಾಲಿಗೆ ಬಂದದ್ದು ಐದೇ ಸ್ಪರ್ಧೆಗಳು. ಅವುಗಳಲ್ಲಿ ಎಸೆತವೆಂದರೆ ಡಿಸ್ಕಸ್ ಒಂದೇ; ಜಾವೆಲಿನ್‌ಗೆ 1932ರವರೆಗೆ, ಗುಂಡು ಎಸೆತಕ್ಕೆ 1948ರವರೆಗೆ ಕಾಯಬೇಕಾಯಿತು. ಅದೇ ಕೂಟದ 800 ಮೀಟರ್ ಓಟದ ಕೊನೆಯಲ್ಲಿ ಓಟಗಾರ್ತಿಯರು ಕುಸಿದು ಬಿದ್ದರೆಂದು ಪತ್ರಿಕೆಗಳು ಉತ್ಪ್ರೇಕ್ಷಿಸಿ ಬರೆದುದರಿಂದ ಆ ಸ್ಪರ್ಧೆ 1960ರವರೆಗೆ ಮಹಿಳೆಯರಿಗೆ ಮತ್ತೆ ದಕ್ಕಲಿಲ್ಲ. ಹೆಣ್ಣಿನ ದೇಹ ಏನನ್ನು ತಾಳಬಲ್ಲದು ಎಂಬುದನ್ನು ಗಂಡಸರೇ ಕುಳಿತು ತೀರ್ಮಾನಿಸುತ್ತಿದ್ದ ಕಾಲವದು.

ಡಿಸ್ಕಸ್ ಬರೀ ತೋಳ್ಬಲದ ಆಟವಲ್ಲ. ಎರಡೂವರೆ ಮೀಟರ್ ವ್ಯಾಸದ ವೃತ್ತದೊಳಗೆ ಗಿರ್ರನೆ ತಿರುಗಿ, ಸೊಂಟದಿಂದ ಹೊರಟ ವೇಗವನ್ನು ಭುಜಕ್ಕೆ ದಾಟಿಸಿ, ಒಂದು ಕಿಲೋ ತೂಕದ ತಟ್ಟೆ ಕೊನೆಗೆ ತೋರುಬೆರಳನ್ನು ಸವರಿಕೊಂಡು ಹೊರಡುವಂತೆ ಬಿಡಬೇಕು. ಆ ರಭಸದಲ್ಲಿಯೂ ಕಾಲು ಅಂಚು ಮೆಟ್ಟಬಾರದು. ಜುಲೈ 31ರಂದು ಕೊನೊಪಾಟ್ಸ್ಕಾ ಎಸೆದ ದೂರ 39.62 ಮೀಟರ್. ಅದು ವಿಶ್ವದಾಖಲೆಯೂ ಹೌದು, ಒಲಿಂಪಿಕ್ಸ್‌ನಲ್ಲಿ ಪೋಲೆಂಡಿಗೆ ದೊರೆತ ಮೊಟ್ಟಮೊದಲ ಚಿನ್ನವೂ ಹೌದು. ಇದು ಒಂದು ದಿನದ ಅದೃಷ್ಟವೂ ಅಲ್ಲ: 1926ರಲ್ಲಿ ಗೋಥೆನ್‌ಬರ್ಗ್, 1930ರಲ್ಲಿ ಪ್ರಾಗ್, ಎರಡೂ ಕಡೆ ನಡೆದ ಮಹಿಳೆಯರ ವಿಶ್ವ ಕ್ರೀಡಾಕೂಟಗಳಲ್ಲಿ ಗೆದ್ದದ್ದು ಅವರೇ.

1988ರಲ್ಲಿ ಪೂರ್ವ ಜರ್ಮನಿಯ ಎಸೆತಗಾರ್ತಿ ಗೇಬ್ರಿಯಲ್ ರೈನ್ಷ್ ಎಸೆದ 76.80 ಮೀಟರನ್ನು ಪಕ್ಕದಲ್ಲಿಟ್ಟು ಈ ಅಂಕಿಯನ್ನು ನೋಡಿ ನಗುವವರಿದ್ದಾರೆ. ತರಬೇತಿಯ ಪರಂಪರೆಯೇ ಇಲ್ಲದ ಪೀಳಿಗೆಯನ್ನು ಹಾಗೆ ತೂಗುವುದು ಅನ್ಯಾಯ.

1939ರ ಸೆಪ್ಟೆಂಬರಿನಲ್ಲಿ ಜರ್ಮನರು ನುಗ್ಗಿದಾಗ, ಪೋಲೆಂಡ್ ಬ್ಯಾಂಕಿನ ಸುಮಾರು 75 ಟನ್ ಚಿನ್ನವನ್ನು ದೇಶದಿಂದಾಚೆಗೆ ಸಾಗಿಸುವ ಕೆಲಸದಲ್ಲಿ ಗಂಡ ಮಾತುಶೆವ್ಸ್ಕಿ ಅವರೊಡನೆ ಈಕೆಯೂ ವಾಹನ ನಡೆಸಿದರು. ರೋಚಕ ಕಥೆಯೇ, ಒಪ್ಪುತ್ತೇನೆ. ಆದರೆ ಅದು ಕ್ರೀಡಾಜೀವನವನ್ನು ನುಂಗಿಹಾಕಬಾರದು. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಎರಡೂವರೆ ಮೀಟರಿಗೂ ಹೆಚ್ಚು ಅಂತರದಿಂದ ಅವರಿಗೆ ಸೋತ ಅಮೆರಿಕದ ಲಿಲಿಯನ್ ಕೋಪ್ಲೆಂಡ್, ಕೊನೊಪಾಟ್ಸ್ಕಾ ಕಣದಿಂದ ಸರಿದ ಮೇಲೆ, 1932ರ ಲಾಸ್ ಏಂಜಲಿಸ್‌ನಲ್ಲಿ 40.58 ಮೀಟರ್ ಎಸೆದು ಚಿನ್ನ ಗೆದ್ದರು. ಎದುರಾಳಿ ಇಂಥವರಾಗಿದ್ದರು ಎಂಬುದನ್ನಾದರೂ ಕೆಂಪು ಟೋಪಿಯ ವರ್ಣನೆಗಿಂತ ಮೊದಲು ಬರೆಯಬಹುದಿತ್ತು.