ಹೊಸ್ತಿಲಲ್ಲಿ ಸಿಕ್ಕಿಕೊಂಡ ಹಲೋ

ನಮ್ಮ ಮನೆ ಬಾಗಿಲಿಂದ ಗೇಟಿಗೆ ಹನ್ನೊಂದು ಹೆಜ್ಜೆ. ಎಣಿಸಿದ್ದೇನೆ. ಈಚೆಗೆ ನಾನು ಫೋನಿನಲ್ಲಿ ಆಡಿದ ಮುಖ್ಯ ಮಾತುಗಳೆಲ್ಲ ಪ್ರಾಣ ಬಿಟ್ಟಿರುವುದು ಆರನೇ ಹೆಜ್ಜೆಯಲ್ಲಿ.

ಶುರು ಮಾಡಿದ್ದು ನಾನೇ. ಮನೆಯೊಳಗೆ ಮೊಬೈಲ್ ಸಿಗ್ನಲ್ ಒಂದೇ ಕಡ್ಡಿ, ಅದೂ ಕಿಟಕಿಗೆ ಅಂಟಿಕೊಂಡು ನಿಂತರೆ. ಸೆಟ್ಟಿಂಗ್ಸಿನಲ್ಲಿ ಹುಡುಕಿ ವೈ-ಫೈ ಕಾಲಿಂಗ್ ಆನ್ ಮಾಡಿದೆ. ಇದರಲ್ಲಿ ಕರೆ ಟವರಿಗೆ ಹೋಗುವುದಿಲ್ಲ. ಮನೆಯ ರೂಟರಿಗೆ ಹೋಗಿ, ಫೈಬರ್ ಹಿಡಿದು, ಇಂಟರ್‌ನೆಟ್ಟಿನೊಳಗೆ ಬೀಗ ಜಡಿದ ಸುರಂಗದಲ್ಲಿ ತೂರಿ, ಕೊನೆಗೆ ಅದೇ ಮೊಬೈಲ್ ಕಂಪನಿಯ ಹಿತ್ತಲ ಬಾಗಿಲು ತಟ್ಟುತ್ತದೆ. ದನಿ ಪಕ್ಕದಲ್ಲೇ ಕೂತು ಮಾತಾಡಿದಷ್ಟು ಸ್ಪಷ್ಟ. ಹಳೇ ಟೆಲಿಫೋನು 300ರಿಂದ 3400 ಹರ್ಟ್ಸ್‌ವರೆಗಿನ ದನಿಯನ್ನಷ್ಟೇ ದಾಟಿಸುತ್ತಿತ್ತು. ಈಗಿನ ಎಚ್‌ಡಿ ಕರೆ 7000 ಹರ್ಟ್ಸ್‌ವರೆಗೂ ಹೋಗುತ್ತದೆ. ಬಾಸ್ ನಿಟ್ಟುಸಿರು ಬಿಡುವುದೂ ಕೇಳಿಸತೊಡಗಿತು. ಅಷ್ಟೊಂದು ಸ್ಪಷ್ಟತೆ ಬೇಕಿರಲಿಲ್ಲ.

ಒಂದು ಸಂಜೆ ಅವರದೇ ಫೋನು. ಮಾತಾಡುತ್ತಾ ಹೊರಗೆ ಹೊರಟೆ. "ನೋಡಿ, ನಿಮ್ಮ ಕೆಲಸ ಗಮನಿಸ್ತಾ ಇದ್ದೀನಿ. ಈ ಸಲ ನಿಮ್ಮನ್ನ..." ಅಂದರು. ಆರನೇ ಹೆಜ್ಜೆ. ಗುಳುಗುಳು ಅಂತ ಬಾವಿಯೊಳಗಿಂದ ಬಂದಂಥ ಸದ್ದು, ಆಮೇಲೆ ಮೌನ. ಗೇಟಿಗೆ ಓಡಿ ವಾಪಸ್ ಮಾಡಿದರೆ ಬಿಝಿ. ಎರಡು ದಿನ ಬಡ್ತಿಯ ಕನಸು ಕಂಡೆ. ಮೂರನೇ ದಿನ ಗೊತ್ತಾಯಿತು, ವಾಕ್ಯದ ಉಳಿದ ಭಾಗ "ಶನಿವಾರಾನೂ ಬರೋಕೆ ಹೇಳೋಣ ಅಂತಿದ್ದೆ."

ಪುಸ್ತಕದ ಪ್ರಕಾರ ಹೀಗಾಗಬಾರದು. ವೈ-ಫೈ ಮಂಕಾದ ಕೂಡಲೇ ಕರೆ 4ಜಿ ಟವರಿಗೆ ಜಿಗಿಯಬೇಕು, ಮಾತಾಡುವವರಿಗೆ ಸುಳಿವೂ ಸಿಗಬಾರದು. ಆದರೆ ಯಾವಾಗ ಜಿಗಿಯಬೇಕು ಅನ್ನುವುದನ್ನು ತೀರ್ಮಾನಿಸುವುದು ಬಹುಮಟ್ಟಿಗೆ ಫೋನೇ. ನನ್ನ ಫೋನಿನದು ಉಡದ ಪಟ್ಟು. ಗೋಡೆಯಾಚೆ ರೂಟರಿನ ಉಸಿರು ಇನ್ನೂ ಇದೆ ಅನ್ನಿಸಿದರೆ ಸಾಕು, ಬಿಡುವುದಿಲ್ಲ. ಬಿಡುವ ಹೊತ್ತಿಗೆ ಮಾತು ತುಂಡಾಗಿರುತ್ತದೆ. ಒಳಗಿನ ನೆಟ್‌ವರ್ಕ್ ಕೈಬಿಟ್ಟಿದೆ, ಹೊರಗಿನದು ಇನ್ನೂ ಕೈಹಿಡಿದಿಲ್ಲ. ನಡುವೆ ನಾನು, ತ್ರಿಶಂಕು. ಪಾಪ, ಆ ತ್ರಿಶಂಕುವಿಗಾದರೂ ಸ್ವಂತ ಸ್ವರ್ಗ ಸಿಕ್ಕಿತ್ತು.

ಮನೆಯ ತಂತಿಯನ್ನೂ ಗಾಳಿಯ ಅಲೆಯನ್ನೂ ಒಂದು ಮಾಡುವ ಆಸೆ ಹಳೆಯದು. 2002ರ ಸುಮಾರಿಗೆ, ಮೊಬೈಲ್ ಜಾಲಗಳ ನಿಯಮ ಬರೆಯುವ ತ್ರೀಜಿಪಿಪಿ ಅನ್ನುವ ಕೂಟ ಮೊಬೈಲಿಗಾಗಿ ಐಎಂಎಸ್ ಅನ್ನುವ ವ್ಯವಸ್ಥೆ ರೂಪಿಸಿತು. ಮಾತು, ಚಿತ್ರ, ವಿಡಿಯೋ ಎಲ್ಲವೂ ಇಂಟರ್‌ನೆಟ್ಟಿನ ಪೊಟ್ಟಣಗಳಾಗಿ ಒಂದೇ ಕಡೆಯಿಂದ ಹಂಚಿಕೆಯಾಗಬೇಕು ಅನ್ನುವುದು ಅದರ ಲೆಕ್ಕ. ಆಮೇಲೆ ದೂರಸಂಪರ್ಕದ ನಿಯಮ ಬರೆಯುವ ಯುರೋಪಿನ ಎಟ್ಸಿ ಸಂಸ್ಥೆಯ ಟಿಸ್ಪಾನ್ ಗುಂಪು ಅದನ್ನೇ ಮನೆಯ ತಂತಿಗೂ ಹೊಂದಿಸಿತು. ಈ ನಿಯಮ ಬರೆದವರು ಬುದ್ಧಿವಂತರೇ. ನಮ್ಮ ಮನೆಯ ಗೋಡೆ ಎಷ್ಟು ದಪ್ಪ ಅಂತ ಅವರನ್ನು ಕೇಳಿದರೆ ಏನು ಪ್ರಯೋಜನ?

ಸರಿ, ಎಲ್ಲವೂ ಒಂದಾಗುವುದಾದರೆ ಪೂರ್ತಿ ಆಗಲಿ ಅಂತ ಒಂದೇ ನಂಬರನ್ನು ಫೋನು, ಟ್ಯಾಬ್ಲೆಟ್ಟು, ಟಿವಿ ಮೂರಕ್ಕೂ ಹಾಕಿಸಿದೆ. ಕರೆ ಬಂದರೆ ಮೂರೂ ಒಟ್ಟಿಗೆ ಬಡಿದುಕೊಳ್ಳುತ್ತವೆ. ಒಂದನ್ನು ಎತ್ತಿದರೆ ಉಳಿದೆರಡು ಸುಮ್ಮನಾಗುತ್ತವೆ. ಚೆನ್ನಾಗಿದೆ ಅಲ್ವಾ? ಅಜ್ಜಿಯ ಧಾರಾವಾಹಿಯಲ್ಲಿ ಸೊಸೆ ಗುಟ್ಟು ರಟ್ಟು ಮಾಡುವ ಕ್ಷಣಕ್ಕೆ ಸರಿಯಾಗಿ ಟಿವಿ ತುಂಬಾ ಬಾಸ್ ಹೆಸರು ಮೂಡುವ ತನಕ ಚೆನ್ನಾಗಿಯೇ ಇತ್ತು. ಅಜ್ಜಿ ಕೆಂಪು ಗುಂಡಿ ಒತ್ತಿದರು. ಅಂಗಡಿಯ ಸಾಲಿನಲ್ಲಿ ನಿಂತಿದ್ದ ನನ್ನ ಜೇಬಿನ ಫೋನು ಅರ್ಧ ಬಡಿದು ನಿಂತುಹೋಯಿತು.

ಆಮೇಲೆ ಓದಿ ತಿಳಿದುಕೊಂಡೆ. ಈ ಕರೆಗಳ ಭಾಷೆಯ ಹೆಸರು ಸಿಪ್. ಅದರಲ್ಲಿ ಉತ್ತರಗಳೆಲ್ಲ ಸಂಖ್ಯೆಗಳು. 486 ಅಂದರೆ "ಇಲ್ಲಿ ಬಿಝಿ, ಬೇರೆ ಕಡೆ ನೋಡಿ." 603 ಅಂದರೆ "ಬೇಡ", ಅಂದರೆ ಎಲ್ಲೂ ಬೇಡ, ಉಳಿದ ಸಾಧನಗಳ ಬಾಯಿಯೂ ಮುಚ್ಚುತ್ತದೆ. ಅಜ್ಜಿ ಕಳಿಸಿದ್ದು 603 ಇರಬೇಕು. ಕೇಳಿದರೆ, "ಅವನು ಯಾವಾಗ್ಲೂ ಇದೇ ಹೊತ್ತಿಗೆ ಯಾಕೆ ಮಾಡ್ತಾನೆ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಮೊನ್ನೆ ಕರೆಂಟ್ ಹೋಯಿತು. ಫೋನಿನಲ್ಲಿ ಬ್ಯಾಟರಿ ತೊಂಬತ್ತರ ಮೇಲಿದೆ, ಆದರೆ ರೂಟರ್ ಸತ್ತಿದೆ. ವೈ-ಫೈ ಕಾಲಿಂಗೂ ಇಲ್ಲ, ಫೈಬರ್ ದೂರವಾಣಿಯೂ ಇಲ್ಲ, ಟಿವಿಯಂತೂ ಇಲ್ಲ. ಹಿಂದೆ ತಾಮ್ರದ ತಂತಿಯ ಫೋನಿಗೆ ಎಕ್ಸ್‌ಚೇಂಜಿನಿಂದಲೇ 48 ವೋಲ್ಟ್ ಬರುತ್ತಿತ್ತು. ಮನೆಯೆಲ್ಲ ಕತ್ತಲಾದರೂ ಆ ಕಪ್ಪು ಡಬ್ಬಿಯಲ್ಲಿ ಟೋನ್ ಇರುತ್ತಿತ್ತು. ಫೈಬರಿನಲ್ಲಿ ಬೆಳಕು ಬರುತ್ತದೆ, ಕರೆಂಟು ಬರುವುದಿಲ್ಲ. ವಿದ್ಯುತ್ ಕಂಪನಿಗೆ ದೂರು ಕೊಡಲು ಮತ್ತೆ ಕಿಟಕಿಗೆ ಅಂಟಿಕೊಂಡು ನಿಂತೆ, ಒಂದು ಕಡ್ಡಿಗಾಗಿ.

ಈಗ ರೂಟರಿನ ಪಕ್ಕ ಒಂದು ಕುರ್ಚಿ ಹಾಕಿಕೊಂಡಿದ್ದೇನೆ. ಫೋನು ಬಂದರೆ ಹೋಗಿ ಅದರಲ್ಲಿ ಕೂರುತ್ತೇನೆ, ಮುಗಿಯುವ ತನಕ ಏಳುವುದಿಲ್ಲ. ನಿನ್ನೆ ಅಜ್ಜಿ ಅದನ್ನೇ ನೋಡುತ್ತಾ ಕೇಳಿದರು, "ಹಳೇ ಫೋನಿನ ಸುರುಳಿ ದಾರ ಅಟ್ಟದ ಮೇಲಿದೆ, ತಂದುಕೊಡಲಾ?"