ತಡವಾಗಬಾರದು, ದೂರಕ್ಕೂ ಕೇಳಬೇಕು: ವೈರ್‌ಲೆಸ್ ಹೆಡ್‌ಫೋನ್ ಕೊಳ್ಳುವವರಿಗೆ

ವೈರ್‌ಲೆಸ್ ಹೆಡ್‌ಫೋನ್ ಕೊಳ್ಳಲು ಹೊರಟವರೆಲ್ಲ ಕೇಳುವ ಪ್ರಶ್ನೆ ಹೆಚ್ಚು ಕಡಿಮೆ ಒಂದೇ. ತೆರೆಯ ಮೇಲೆ ತುಟಿ ಅಲುಗಾಡಿ ಮುಗಿದ ಮೇಲೆ ಮಾತು ಕೇಳಿಸಬಾರದು, ಎದ್ದು ಪಕ್ಕದ ಕೋಣೆಗೆ ಹೋದರೆ ಹಾಡು ತುಂಡಾಗಬಾರದು, ಯಾವುದನ್ನು ಕೊಳ್ಳಲಿ ಹೇಳಿ ಎನ್ನುತ್ತಾರೆ. ನಾನು ಮಾಡೆಲ್ ಹೆಸರು ಹೇಳುವುದಿಲ್ಲ. ಬ್ಲೂಟೂತ್ ಹೆಡ್‌ಫೋನಿನಲ್ಲಿ ಆ ಎರಡು ಬೇಡಿಕೆಗಳು ಒಂದಕ್ಕೊಂದು ವಿರುದ್ಧ ದಿಕ್ಕಿಗೆ ಎಳೆಯುತ್ತವೆ ಎಂಬುದನ್ನು ಮೊದಲು ಒಪ್ಪಿಕೊಳ್ಳದೆ ಹೆಸರು ಹೇಳಿ ಪ್ರಯೋಜನವಿಲ್ಲ. ತಯಾರಕರು ಇದನ್ನು ಹೇಳುವುದಿಲ್ಲ. ಡಬ್ಬಿಯ ಒಂದು ಬದಿಯಲ್ಲಿ 'ಅತಿ ಕಡಿಮೆ ವಿಳಂಬ' ಎಂದೂ ಇನ್ನೊಂದು ಬದಿಯಲ್ಲಿ 'ಅತಿ ದೂರದ ವ್ಯಾಪ್ತಿ' ಎಂದೂ ಅಚ್ಚು ಹಾಕುತ್ತಾರೆ. ಎರಡೂ ಸುಳ್ಳಲ್ಲ. ಎರಡೂ ಏಕಕಾಲಕ್ಕೆ ನಿಜವಲ್ಲ, ಅಷ್ಟೆ.

ಕಾರಣ ಸರಳವಾಗಿದೆ. ಬ್ಲೂಟೂತ್‌ನಲ್ಲಿ ಶಬ್ದ ಸಣ್ಣ ಸಣ್ಣ ಪ್ಯಾಕೆಟ್‌ಗಳಾಗಿ ಬರುತ್ತದೆ. ದಾರಿಯಲ್ಲಿ ಕೆಲವು ಕೆಡುತ್ತವೆ. ತಲುಪಿದ್ದಕ್ಕೆ ಹೆಡ್‌ಫೋನ್ ಉತ್ತರ ಕೊಡುತ್ತದೆ. ಉತ್ತರ ಬರದಿದ್ದರೆ ಫೋನ್ ಅದೇ ಪ್ಯಾಕೆಟ್ಟನ್ನು ಮತ್ತೆ ಕಳುಹಿಸುತ್ತದೆ. ಹೀಗೆ ಮತ್ತೆ ಕಳುಹಿಸುವಷ್ಟು ಹೊತ್ತು ಕಿವಿಗೆ ಶಬ್ದ ನಿಲ್ಲಬಾರದಲ್ಲವೇ? ಅದಕ್ಕಾಗಿ ಹೆಡ್‌ಫೋನ್ ಸ್ವಲ್ಪ ಶಬ್ದವನ್ನು ಮೊದಲೇ ಕೂಡಿಟ್ಟುಕೊಂಡಿರುತ್ತದೆ. ಬಫರ್ ಎನ್ನುವುದು ಇದನ್ನೇ. ನಲ್ಲಿಯಲ್ಲಿ ನೀರು ಬಿಟ್ಟು ಬಿಟ್ಟು ಬರುವ ಮನೆಗೆ ಮೇಲಿನ ತೊಟ್ಟಿ ಹೇಗೋ ಇದೂ ಹಾಗೆ: ತೊಟ್ಟಿ ದೊಡ್ಡದಾದಷ್ಟೂ ನಲ್ಲಿ ನಿಂತರೂ ಚಿಂತೆಯಿಲ್ಲ, ಆದರೆ ಈಗ ಬಳಸುತ್ತಿರುವ ನೀರು ಎಷ್ಟೋ ಹೊತ್ತಿನ ಹಿಂದೆ ಬಂದದ್ದು. ದೂರ ಹೋದಷ್ಟೂ ಪ್ಯಾಕೆಟ್‌ಗಳು ಹೆಚ್ಚು ಕೆಡುತ್ತವೆ, ಬಫರ್ ದೊಡ್ಡದಿರಬೇಕಾಗುತ್ತದೆ. ಬಫರ್ ದೊಡ್ಡದಾದರೆ ಶಬ್ದ ತಡವಾಗುತ್ತದೆ. 'ಗೇಮ್ ಮೋಡ್' ಎಂಬ ಗುಂಡಿ ಮಾಡುವ ಮುಖ್ಯ ಕೆಲಸವೇ ಈ ಬಫರ್ ಕಿರಿದು ಮಾಡುವುದು. ಆ ಗುಂಡಿ ಒತ್ತಿಕೊಂಡು ಅಡುಗೆಮನೆಗೆ ಹೋಗಿ, ಶಬ್ದ ಕಡಿಯುತ್ತದೆ ಎಂದು ದೂರುವುದರಲ್ಲಿ ಅರ್ಥವಿಲ್ಲ.

ಎಷ್ಟು ತಡ ನಿಜವಾಗಿ ತಡ? ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ, ಅಂದರೆ ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್. 200 ಮಿಲಿಸೆಕೆಂಡ್ ತಡವೆಂದರೆ ಎದುರಿಗೆ ಕಾಣುವ ಮನುಷ್ಯನ ಮಾತು ಸುಮಾರು 68 ಮೀಟರ್ ಆಚೆಯಿಂದ ಬಂದಂತೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 1998ರಲ್ಲಿ ಪ್ರಸಾರಕರಿಗಾಗಿ ಹೊರಡಿಸಿದ ಶಿಫಾರಸಿನ ಪ್ರಕಾರ, ಶಬ್ದ ಚಿತ್ರಕ್ಕಿಂತ 45 ಮಿಲಿಸೆಕೆಂಡ್ ಮುಂದಿದ್ದರೆ ಅಥವಾ 125 ಮಿಲಿಸೆಕೆಂಡ್ ಹಿಂದಿದ್ದರೆ ನೋಡುಗರಿಗೆ ಗೊತ್ತಾಗತೊಡಗುತ್ತದೆ. ಮುಂದೆ 90, ಹಿಂದೆ 185 ದಾಟಿದರೆ ಸಹಿಸಲಾಗುವುದಿಲ್ಲ. ಹಿಂದಿರುವುದನ್ನು ನಾವು ಹೆಚ್ಚು ಸಹಿಸುತ್ತೇವೆ, ಏಕೆಂದರೆ ನಿಸರ್ಗದಲ್ಲಿ ಬೆಳಕೇ ಯಾವಾಗಲೂ ಮೊದಲು ತಲುಪುತ್ತದೆ. ಎಲ್ಲ ಬ್ಲೂಟೂತ್ ಹೆಡ್‌ಫೋನ್‌ಗಳಿಗೂ ಕಡ್ಡಾಯವಾದ ಎಸ್‌ಬಿಸಿ ಎಂಬ ಕೊಡೆಕ್‌ನಲ್ಲಿ (ಕೊಡೆಕ್ ಎಂದರೆ ಶಬ್ದವನ್ನು ಕುಗ್ಗಿಸಿ ಕಳುಹಿಸಿ ಮತ್ತೆ ಬಿಚ್ಚುವ ವಿಧಾನ) ಒಟ್ಟು ವಿಳಂಬ ಸಾಮಾನ್ಯವಾಗಿ 150ರಿಂದ 250 ಮಿಲಿಸೆಕೆಂಡ್. ಸಹನೆಯ ಗೆರೆ ಈ ಅಂತರದ ನಡುವೆಯೇ ಹಾದುಹೋಗುತ್ತದೆ. ಒಬ್ಬರಿಗೆ ಚೆನ್ನಾಗಿದೆ ಎನಿಸಿದ ಹೆಡ್‌ಫೋನ್ ಇನ್ನೊಬ್ಬರಿಗೆ ತಲೆನೋವಾಗುವುದು ಇದರಿಂದಲೇ.

ಹಾಗಾದರೆ ಫೋನಿನಲ್ಲಿ ವಿಡಿಯೊ ನೋಡುವಾಗ ತುಟಿ, ಮಾತು ಸರಿಯಾಗಿಯೇ ಕೂಡುತ್ತವಲ್ಲ ಎನ್ನುತ್ತೀರಿ. ಕೂಡುತ್ತವೆ, ಏಕೆಂದರೆ ಹೆಡ್‌ಫೋನ್ ತನ್ನ ವಿಳಂಬ ಇಷ್ಟು ಎಂದು ಫೋನಿಗೆ ತಿಳಿಸಬಲ್ಲದು, ಫೋನ್ ಚಿತ್ರವನ್ನೂ ಅಷ್ಟೇ ತಡೆದು ತೋರಿಸಬಲ್ಲದು. ವಿಡಿಯೊ ಮೊದಲೇ ಸಿದ್ಧವಿರುವ ಸರಕು, ಎಷ್ಟು ಬೇಕಾದರೂ ತಡೆಹಿಡಿಯಬಹುದು. ಆಟದಲ್ಲಿ ನೀವು ಗುಂಡಿ ಒತ್ತುವ ಮೊದಲು ಶಬ್ದವೇ ಹುಟ್ಟಿರುವುದಿಲ್ಲ, ಆದ್ದರಿಂದ ಅಲ್ಲಿ ಈ ಉಪಾಯ ನಡೆಯುವುದಿಲ್ಲ. ಕೀಬೋರ್ಡ್ ನುಡಿಸುವವರಿಗೂ ಅಷ್ಟೆ. ಸಿನಿಮಾ, ಹಾಡು, ಭಾಷಣ ಇಷ್ಟೇ ನಿಮ್ಮ ಬಳಕೆಯಾದರೆ ವಿಳಂಬದ ಲೆಕ್ಕವನ್ನು ಬಿಟ್ಟುಬಿಡಿ. ವ್ಯಾಪ್ತಿ ಚೆನ್ನಾಗಿರುವ, ಕಿವಿಗೆ ಹಿತವಾಗಿ ಕೂರುವ ಹೆಡ್‌ಫೋನ್ ಕೊಳ್ಳಿ. ಮೊಬೈಲಿನಲ್ಲಿ ಹಾಡು ಕೇಳುವವರು 'ಕಡಿಮೆ ವಿಳಂಬ'ಕ್ಕೆ ಹೆಚ್ಚು ಹಣ ತೆರುವುದನ್ನು ನೋಡಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಕೊಡೆಕ್‌ಗಳ ವಿಷಯಕ್ಕೆ ಬರುತ್ತೇನೆ, ಬೇಗ ಮುಗಿಸುತ್ತೇನೆ. ವಿಳಂಬ ತಗ್ಗಿಸಲೆಂದೇ ಹುಟ್ಟಿದ್ದು ಆಪ್ಟ್‌ಎಕ್ಸ್ ಲೋ ಲೇಟೆನ್ಸಿ. ಸುಮಾರು 40 ಮಿಲಿಸೆಕೆಂಡ್. ಆದರೆ ಫೋನ್‌ಗಳಲ್ಲಿ ಅದು ಹೆಚ್ಚು ಬೇರೂರಲೇ ಇಲ್ಲ, ಟಿವಿಗೆ ಜೋಡಿಸುವ ಟ್ರಾನ್ಸ್‌ಮಿಟರ್‌ಗಳಲ್ಲಿ ಬದುಕಿಕೊಂಡಿತು. ಅದರ ಜಾಗಕ್ಕೆ ಬಂದ ಆಪ್ಟ್‌ಎಕ್ಸ್ ಅಡಾಪ್ಟಿವ್ 50ರಿಂದ 80 ಮಿಲಿಸೆಕೆಂಡ್ ಎಂದು ಹೇಳಿಕೊಳ್ಳುತ್ತದೆ. ಸೋನಿಯ ಎಲ್‌ಡ್ಯಾಕ್ ಸೆಕೆಂಡಿಗೆ 990 ಕಿಲೊಬಿಟ್‌ವರೆಗೆ ಕಳುಹಿಸುತ್ತದೆ. ಶಬ್ದ ಚೆನ್ನ, ಆದರೆ ಅದು ವಿಳಂಬಕ್ಕಾಗಿ ಮಾಡಿದ್ದಲ್ಲ, ದೂರಕ್ಕಾಗಿಯೂ ಅಲ್ಲ. ಸಂಕೇತ ದುರ್ಬಲವಾದರೆ 330ಕ್ಕೆ ಇಳಿಯುತ್ತದೆ. ಐಫೋನ್‌ನಲ್ಲಿ ಆಪ್ಟ್‌ಎಕ್ಸ್ ಇಲ್ಲ, ಎಲ್‌ಡ್ಯಾಕ್ ಇಲ್ಲ. ಯಾವುದೇ ಕೊಡೆಕ್ ಎರಡೂ ತುದಿಗಳಲ್ಲಿ ಇರಬೇಕು. ಒಂದು ಕಡೆ ಇಲ್ಲದಿದ್ದರೆ ಎರಡೂ ಸದ್ದಿಲ್ಲದೆ ಎರಡಕ್ಕೂ ಗೊತ್ತಿರುವ ಬೇರೆ ಕೊಡೆಕ್‌ಗೆ, ಬೇರೇನೂ ಇಲ್ಲದಿದ್ದರೆ ಎಸ್‌ಬಿಸಿಗೆ ಇಳಿದುಬಿಡುತ್ತವೆ, ನಿಮಗೆ ಯಾರೂ ಹೇಳುವುದಿಲ್ಲ.

ಇನ್ನು ದೂರ. 'ಬ್ಲೂಟೂತ್ 5, ನಾಲ್ಕು ಪಟ್ಟು ದೂರ' ಎಂಬ ಜಾಹೀರಾತು ನನಗೆ ಕಂಡರಾಗದು. 2016ರ ಕೊನೆಯಲ್ಲಿ ಬಂದ ಆ ಆವೃತ್ತಿಯಲ್ಲಿ ದೂರದ ಸೌಲಭ್ಯ ಇರುವುದು ನಿಜ, ಆದರೆ ಅದು ಕಡಿಮೆ ವಿದ್ಯುತ್ತಿನಲ್ಲಿ ನಡೆಯುವ ಲೋ ಎನರ್ಜಿ ಭಾಗದಲ್ಲಿದೆ. ವೇಗವನ್ನು ಸೆಕೆಂಡಿಗೆ 500 ಅಥವಾ 125 ಕಿಲೊಬಿಟ್‌ಗೆ ಇಳಿಸಿ, ಅದರ ಬದಲಿಗೆ ದೂರವನ್ನು ಪಡೆಯುವ ವ್ಯವಸ್ಥೆ ಅದು. ತಾಪಮಾನ ಅಳೆಯುವ ಸೆನ್ಸರ್‌ಗೆ ಸರಿಹೋಗುತ್ತದೆ. ನಿಮ್ಮ ಹಾಡು ಸಾಮಾನ್ಯವಾಗಿ ಬರುವುದು ಹಳೆಯ, ಕ್ಲಾಸಿಕ್ ಎನ್ನುವ ಭಾಗದಲ್ಲಿ; ಅದಕ್ಕೂ ಈ ನಾಲ್ಕು ಪಟ್ಟಿಗೂ ಸಂಬಂಧವಿಲ್ಲ. ಆವೃತ್ತಿಯ ಸಂಖ್ಯೆಗಿಂತ ಟ್ರಾನ್ಸ್‌ಮಿಟರಿನ ಶಕ್ತಿ ಮುಖ್ಯ. ಎರಡನೆಯ ವರ್ಗದ ಉಪಕರಣದ ಮಿತಿ 2.5 ಮಿಲಿವ್ಯಾಟ್, ವ್ಯಾಪ್ತಿ ಸುಮಾರು 10 ಮೀಟರ್. ಮೊದಲನೆಯ ವರ್ಗ 100 ಮಿಲಿವ್ಯಾಟ್‌ವರೆಗೆ ಹೋಗಬಹುದು, ಬಯಲಿನಲ್ಲಿ 100 ಮೀಟರ್ ಮುಟ್ಟಬಹುದು. ಆದರೆ ಇದು ಎರಡೂ ಕಡೆಯ ಮಾತುಕತೆ ಎಂಬುದನ್ನು ಮರೆಯಬಾರದು. ಫೋನ್ ಎಷ್ಟೇ ಜೋರಾಗಿ ಕೂಗಿದರೂ ಹೆಡ್‌ಫೋನಿನ ಉತ್ತರ ಹಿಂದಿರುಗದಿದ್ದರೆ ಕೊಂಡಿ ಮುರಿಯುತ್ತದೆ. ಕಿವಿಯೊಳಗೆ ಕೂರುವ ಪುಟ್ಟ ಇಯರ್‌ಬಡ್‌ಗಿಂತ ದೊಡ್ಡ ಹೆಡ್‌ಫೋನ್ ಸಾಮಾನ್ಯವಾಗಿ ದೂರ ಹೋಗಲು ಇದೂ ಒಂದು ಕಾರಣ, ಅದರಲ್ಲಿ ಆಂಟೆನಾಕ್ಕೂ ಬ್ಯಾಟರಿಗೂ ಜಾಗವಿದೆ.

ಮತ್ತೊಂದು ಅಡ್ಡಿ ನಾವೇ. ಬ್ಲೂಟೂತ್ ಬಳಸುವ 2.4 ಗಿಗಾಹರ್ಟ್ಸ್ ತರಂಗವನ್ನು ನೀರು ಹೀರುತ್ತದೆ, ನಮ್ಮ ಮೈಯಲ್ಲಿ ಹೆಚ್ಚಿನ ಪಾಲು ನೀರೇ. ಫೋನ್ ಹಿಂದಿನ ಜೇಬಿನಲ್ಲಿದ್ದು, ಹತ್ತಿರದಲ್ಲಿ ತರಂಗ ಪ್ರತಿಫಲಿಸಲು ಗೋಡೆಯೂ ಇಲ್ಲದ ಮೈದಾನದಲ್ಲಿ ನಡೆಯುತ್ತಿದ್ದರೆ ಅರ್ಧ ಮೀಟರ್ ದೂರದಲ್ಲೇ ಶಬ್ದ ಕಡಿಯುವುದುಂಟು. ಜೇಬು ಬದಲಿಸಿ ನೋಡಿ. ಹೊಸ ಹೆಡ್‌ಫೋನಿನ ಖರ್ಚು ಉಳಿದರೂ ಉಳಿಯಿತು.

ತಡವೂ ಆಗಬಾರದು, ದೂರವೂ ಬೇಕು ಎನ್ನುವವರು ಬ್ಲೂಟೂತ್ ಬಿಟ್ಟು ಆಚೆ ನೋಡಬೇಕು. ಮೇಜಿನ ಮುಂದೆ ಕೂತು ಆಡುವವರಿಗೆ ಯುಎಸ್‌ಬಿ ಡಾಂಗಲ್ (ಕಂಪ್ಯೂಟರಿಗೆ ಚುಚ್ಚುವ ಪುಟ್ಟ ಟ್ರಾನ್ಸ್‌ಮಿಟರ್) ಜೊತೆಗೆ ಬರುವ 2.4 ಗಿಗಾಹರ್ಟ್ಸ್ ಹೆಡ್‌ಸೆಟ್ ಉತ್ತಮ. ಒಳ್ಳೆಯವುಗಳಲ್ಲಿ ವಿಳಂಬ 20ರಿಂದ 40 ಮಿಲಿಸೆಕೆಂಡ್ ಆಸುಪಾಸು. ಮೈಕ್ ಬಳಸುವವರಿಗೆ ಇನ್ನೊಂದು ಲಾಭವಿದೆ. ಹಳೆಯ ಬ್ಲೂಟೂತ್‌ನಲ್ಲಿ ಮೈಕ್ ತೆರೆದ ಕೂಡಲೇ ಹಾಡಿನ ಗುಣಮಟ್ಟ ದೂರವಾಣಿಯ ಮಟ್ಟಕ್ಕೆ ಕುಸಿಯುತ್ತದೆ, ಡಾಂಗಲ್‌ನಲ್ಲಿ ಕುಸಿಯುವುದಿಲ್ಲ. ಒಂದು ಎಚ್ಚರ: ಡಾಂಗಲನ್ನು ಯುಎಸ್‌ಬಿ 3 ಹಾರ್ಡ್ ಡಿಸ್ಕಿನ ಪಕ್ಕದಲ್ಲಿ ಚುಚ್ಚಬೇಡಿ. ಯುಎಸ್‌ಬಿ 3 ಸಂಪರ್ಕದಿಂದ ಹೊಮ್ಮುವ ಗದ್ದಲ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲೇ ಬೀಳುತ್ತದೆ ಎಂದು ಇಂಟೆಲ್ ಕಂಪನಿಯೇ 2012ರಲ್ಲಿ ವಿವರವಾಗಿ ಬರೆದಿದೆ. ಒಂದು ಸಣ್ಣ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಡಾಂಗಲನ್ನು ಮೇಜಿನ ಮೇಲೆ ಕಣ್ಣಿಗೆ ಕಾಣುವಂತೆ ಇಟ್ಟರೆ ಕಡಿತದ ದೂರುಗಳಲ್ಲಿ ಹೆಚ್ಚಿನವು ಮಾಯವಾಗುತ್ತವೆ. ಇದೇ ಪಟ್ಟಿಯಲ್ಲಿ ಓಡುತ್ತಿರುವ ವೈಫೈಯನ್ನು 5 ಗಿಗಾಹರ್ಟ್ಸ್‌ಗೆ ಬದಲಿಸಿದರೆ ಇನ್ನೂ ಒಳ್ಳೆಯದು.

ಟಿವಿಗೆಂದು, ಮನೆಯ ಹಿರಿಯರಿಗೆಂದು ಕೇಳುವವರಿಗೆ ನಾನು ಹೇಳುವುದು ಹಳೆಯ ಕಾಲದ್ದೆಂದು ಎಲ್ಲರೂ ಮೂಗು ಮುರಿಯುವ ಅನಲಾಗ್ ರೇಡಿಯೊ ಹೆಡ್‌ಫೋನ್. ಟಿವಿಯ ಪಕ್ಕದಲ್ಲಿ ಒಂದು ಟ್ರಾನ್ಸ್‌ಮಿಟರ್, ತಲೆಯ ಮೇಲೆ ಒಂದು ರಿಸೀವರ್. ಯುರೋಪಿನಲ್ಲಿ 863ರಿಂದ 865 ಮೆಗಾಹರ್ಟ್ಸ್, ಅಮೆರಿಕದಲ್ಲಿ 900ರ ಆಸುಪಾಸು. ದೇಶಕ್ಕೊಂದು ನಿಯಮವಿರುವುದರಿಂದ ನಿಮ್ಮ ದೇಶದ ಮಾದರಿಯನ್ನೇ ಕೊಳ್ಳಬೇಕು. ಇಲ್ಲಿ ಪ್ಯಾಕೆಟ್ ಇಲ್ಲ, ಉತ್ತರ ಕೊಡುವುದಿಲ್ಲ, ಬಫರ್ ಇಲ್ಲ. ಆದ್ದರಿಂದ ವಿಳಂಬವೂ ಇಲ್ಲವೆನ್ನುವಷ್ಟು ಕಡಿಮೆ. 2.4 ಗಿಗಾಹರ್ಟ್ಸ್‌ಗಿಂತ ಕೆಳಗಿನ ತರಂಗವಾದ್ದರಿಂದ ಗೋಡೆಯನ್ನೂ ಚೆನ್ನಾಗಿ ದಾಟುತ್ತದೆ. ದೂರ ಹೋದರೆ ಶಬ್ದ ತಟ್ಟನೆ ನಿಲ್ಲುವುದಿಲ್ಲ, ಸುಯ್ಯೆನ್ನುವ ಸದ್ದು ನಿಧಾನವಾಗಿ ಏರುತ್ತದೆ. ಕೊರತೆಗಳೂ ಇವೆ: ಆ ಸುಯ್ಯೆನ್ನುವ ಸದ್ದು ಹತ್ತಿರದಲ್ಲೂ ತುಸು ಇರುತ್ತದೆ, ಅದೇ ಆವರ್ತನಕ್ಕೆ ಹೊಂದಿಸಿದ ರಿಸೀವರ್ ಇದ್ದರೆ ನೆರೆಯವರೂ ನಿಮ್ಮ ಧಾರಾವಾಹಿ ಕೇಳಬಹುದು. ಸಂಗೀತವನ್ನು ಸೂಕ್ಷ್ಮವಾಗಿ ಕೇಳುವವರಿಗೆ ಇದು ಬೇಡ. ಸಂಭಾಷಣೆ ಸ್ಪಷ್ಟವಾಗಿ ಕೇಳಿಸಬೇಕು, ಗುಂಡಿಗಳ ರಗಳೆ ಬೇಡ ಎನ್ನುವವರಿಗೆ ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ದಿನವಿಡೀ ಫೋನಿನಲ್ಲಿ ಮಾತನಾಡುತ್ತ ಕಚೇರಿಯಲ್ಲಿ ಅಡ್ಡಾಡುವವರಿಗೆ ಕಾರ್ಡ್‌ಲೆಸ್ ದೂರವಾಣಿಗಳ ತಂತ್ರವಾದ ಡೆಕ್ಟ್ ಬಳಸುವ ಹೆಡ್‌ಸೆಟ್ ಇದೆ, ಅದರದು 1.9 ಗಿಗಾಹರ್ಟ್ಸ್ ಸುತ್ತಲಿನ ಬೇರೆಯದೇ ಪಟ್ಟಿ, ವೈಫೈ ಗದ್ದಲದ ಹೊರಗೆ. ಮಾತಿಗೆ ಅದು ಭೇಷ್, ಹಾಡಿಗೆ ಅಷ್ಟಕ್ಕಷ್ಟೆ.

ಯಾವ ಟ್ರಾನ್ಸ್‌ಮಿಟರ್ ಆದರೂ ಟಿವಿಯ ಬೆನ್ನಿಗೆ ಅಂಟಿಸಬೇಡಿ, ಅಲ್ಲಿರುವುದು ಲೋಹದ ಹಾಳೆ. ಪಕ್ಕಕ್ಕೆ, ಸ್ವಲ್ಪ ಎತ್ತರದಲ್ಲಿಡಿ.

ಲೋ ಎನರ್ಜಿ ಭಾಗದಲ್ಲೇ ಶಬ್ದ ಕಳುಹಿಸುವ ಬ್ಲೂಟೂತ್‌ನ ಹೊಸ ವ್ಯವಸ್ಥೆ, ಎಲ್‌ಇ ಆಡಿಯೊ, ಬಂದ ಮೇಲೆ ಇದೆಲ್ಲ ಹಳೆಯ ಕಥೆಯಾಗುತ್ತದೆ ಎನ್ನುವವರಿದ್ದಾರೆ. ಇದರ ಅಡಿಪಾಯ 2020ರ ಆರಂಭದ ಬ್ಲೂಟೂತ್ 5.2ರಲ್ಲಿದೆ, ಇಡೀ ವಿವರಣೆ ಪೂರ್ಣಗೊಂಡದ್ದು 2022ರ ಜುಲೈಯಲ್ಲಿ. ಎಲ್‌ಸಿ3 ಕೊಡೆಕ್ ಶಬ್ದವನ್ನು 7.5 ಅಥವಾ 10 ಮಿಲಿಸೆಕೆಂಡಿನ ತುಣುಕುಗಳಾಗಿ ಕತ್ತರಿಸುತ್ತದೆ, ನಿಜಕ್ಕೂ ಒಳ್ಳೆಯ ಕೆಲಸ. ಆದರೆ ಅದರ ನಿಯಮಾವಳಿಯಲ್ಲೇ ಪ್ರತಿ ಗುಣಮಟ್ಟಕ್ಕೂ ಎರಡೆರಡು ಹೊಂದಿಕೆಗಳಿವೆ: ಒಂದು ಕಡಿಮೆ ವಿಳಂಬದ್ದು, ಇನ್ನೊಂದು ಹೆಚ್ಚು ಭರವಸೆಯದು. ಮೇಲ್ಮಟ್ಟದ ಶಬ್ದಕ್ಕೆ ಮೊದಲನೆಯದರಲ್ಲಿ ಗಾಳಿಯಲ್ಲಿ ಸಾಗಿಸಲು ಸಿಗುವ ಅವಧಿ 20 ಮಿಲಿಸೆಕೆಂಡ್ ಆಸುಪಾಸು, ಎರಡನೆಯದರಲ್ಲಿ 100ರ ಹತ್ತಿರ. ಹೆಚ್ಚಿನ ಆ ಅವಧಿ ಇರುವುದೇ ಕೆಟ್ಟ ಪ್ಯಾಕೆಟ್ಟನ್ನು ಮತ್ತೆ ಮತ್ತೆ ಕಳುಹಿಸಲು. ಹೊಸ ವ್ಯವಸ್ಥೆ ಕಟ್ಟಿದವರಿಗೂ ಈ ಎಳೆದಾಟ ತಪ್ಪಿಸಲಾಗಿಲ್ಲ, ಆಯ್ಕೆಯನ್ನು ಪ್ರಾಮಾಣಿಕವಾಗಿ ಮುಂದಿಟ್ಟಿದ್ದಾರೆ. ಡಬ್ಬಿಯಲ್ಲಿ 5.2, 5.3 ಎಂದಿದ್ದ ಮಾತ್ರಕ್ಕೆ ಎಲ್‌ಇ ಆಡಿಯೊ ಇದೆ ಎಂದು ತಿಳಿಯಬೇಡಿ. ಅದು ಕಡ್ಡಾಯವಲ್ಲ, ಪ್ರತ್ಯೇಕವಾಗಿ ಬರೆದಿರಬೇಕು.

ಕೊಂಡ ಮೇಲೆ ಪರೀಕ್ಷಿಸುವುದಾದರೆ ವಿಡಿಯೊ ಹಾಕಿ ನೋಡಬೇಡಿ, ಮೇಲೆ ಹೇಳಿದ ಕಾರಣಕ್ಕೆ ಅದು ನಿಮ್ಮನ್ನು ವಂಚಿಸುತ್ತದೆ. ಪಿಯಾನೊ ಆ್ಯಪ್ ತೆರೆದು ಒಂದೇ ಸ್ವರವನ್ನು ಲಯದಲ್ಲಿ ಒತ್ತಿ, ಬೆರಳಿಗೂ ಕಿವಿಗೂ ಎಷ್ಟು ಅಂತರ ಬೀಳುತ್ತದೆ ಗಮನಿಸಿ. ಅಂತರ ಕಂಡರೆ, ನುಡಿಸುವವರು ನೀವಾಗಿದ್ದರೆ, ತಂತಿಯ ಹೆಡ್‌ಫೋನ್ ತೆಗೆದುಕೊಳ್ಳಿ. ವಾದ್ಯಕ್ಕೆ ಈಗಲೂ ಅದೇ ಸರಿ. ವ್ಯಾಪ್ತಿ ನೋಡಲು ಬಾಗಿಲು ಮುಚ್ಚಿಕೊಂಡು ನಡೆಯಿರಿ, ಕಡಿತ ಶುರುವಾದಲ್ಲಿ ನಿಂತು ಫೋನಿಗೆ ಬೆನ್ನು ಹಾಕಿ ತಿರುಗಿ. ಗೇಮ್ ಮೋಡ್ ಇದ್ದರೆ ಹಾಕಿ ಒಮ್ಮೆ, ತೆಗೆದು ಒಮ್ಮೆ ಇದೇ ನಡಿಗೆ ನಡೆಯಿರಿ, ಎರಡು ಸಲವೂ ಶಬ್ದ ಎಲ್ಲಿ ತುಂಡಾಯಿತು ಎಂದು ಗುರುತು ಮಾಡಿಕೊಳ್ಳಿ.